ಕಾಡಿನ ಫೋಟೋ ಮತ್ತು ಎಡಿಟಿಂಗ್: ಮುಂಬೈ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹುಟ್ಟಿ ಬೆಳೆದದ್ದು ಶಿರಸಿ ಹತ್ತಿರದ ಹಳ್ಳಿಯಲ್ಲಿ. ಮನೆ ಹಿತ್ತಲು ದಾಟಿದರೆ ಬೆಟ್ಟ. ಆದರೂ ಕಾಡಿನ ಒಂದು ಫೋಟೋ ನೆಟ್ಟಗೆ ತೆಗೆಯಲು ಕಲಿತದ್ದು ಮದುವೆಯಾಗಿ ಕಾಂದಿವಲಿಗೆ ಬಂದ ಮೇಲೆ, ಪಕ್ಕದ ಬೋರಿವಲಿಯ ಸಂಜಯ್ ಗಾಂಧಿ ನ್ಯಾಷನಲ್ ಪಾರ್ಕಿನಲ್ಲಿ. ಊರಲ್ಲಿದ್ದಾಗ ಕಾಡು ಅಂದರೆ ಸೊಪ್ಪು, ಸೌದೆ, ಉಂಬಳ. ಫೋಟೋ ತೆಗೆಯುವಂಥದ್ದು ಅಲ್ಲಿ ಏನಿದೆ ಅಂತ ಯಾರಿಗೂ ಅನ್ನಿಸಿರಲಿಲ್ಲ.

ಈಗ ಭಾನುವಾರ ಬೆಳಿಗ್ಗೆ ನಾವೊಂದಷ್ಟು ಕನ್ನಡದವರು ಸೇರಿ ಪಾರ್ಕಿಗೆ ಹೋಗುತ್ತೇವೆ. ಡೊಂಬಿವಲಿಯಿಂದ ಹೊರಟು ದಾದರ್‌ನಲ್ಲಿ ಗಾಡಿ ಬದಲಿಸಿ ಬರುವವರೂ ಇದ್ದಾರೆ. ಹೊಸಬರು ಬಂದಾಗೆಲ್ಲ ಅವೇ ಪ್ರಶ್ನೆಗಳು. ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಕಣ್ಣಿಗೆ ಅಷ್ಟು ಚೆಂದ ಕಂಡ ಕಾಡು ಫೋಟೋದಲ್ಲಿ ಯಾಕೆ ಕಸದ ರಾಶಿ ತರಹ ಕಾಣುತ್ತದೆ?

ಎಲ್ಲರ ಮೊದಲ ಪ್ರಶ್ನೆ ಇದು. ನನ್ನದೂ ಇದೇ ಆಗಿತ್ತು.

ನಮಗೆ ಎರಡು ಕಣ್ಣು. ಯಾವ ಮರ ಹತ್ತಿರ, ಯಾವುದು ದೂರ ಅಂತ ಥಟ್ಟನೆ ಗೊತ್ತಾಗುತ್ತದೆ. ಬೇಡದ ಕೊಂಬೆಯನ್ನು ಮನಸ್ಸು ತಾನೇ ಪಕ್ಕಕ್ಕೆ ಸರಿಸಿಬಿಡುತ್ತದೆ. ಕ್ಯಾಮೆರಾಗೆ ಇರುವುದು ಒಂದೇ ಕಣ್ಣು, ಮನಸ್ಸಂತೂ ಇಲ್ಲ. ಹತ್ತಿರದ ಬಳ್ಳಿ, ಹಿಂದಿನ ತೇಗ, ಅದರ ಹಿಂದಿನ ಬಿದಿರು ಎಲ್ಲ ಒಂದರ ಮೇಲೊಂದು ಅಂಟಿಸಿದ ಹಾಗೆ ಬಂದುಬಿಡುತ್ತವೆ.

ಸುಲಭದ ಉಪಾಯ ಒಂದಿದೆ. ಕ್ಯಾಮೆರಾ ಎತ್ತುವ ಮೊದಲು ಒಂದು ಕಣ್ಣು ಮುಚ್ಚಿ ನೋಡಿ. ಆಗಲೂ ಮರಗಳು ಬೇರೆ ಬೇರೆಯಾಗಿ ಕಂಡರೆ ಫೋಟೋ ಬರುತ್ತದೆ. ಎಲ್ಲ ಕಲಸಿಹೋದ ಹಾಗೆ ಕಂಡರೆ ಎರಡು ಹೆಜ್ಜೆ ಎಡಕ್ಕೋ ಬಲಕ್ಕೋ ಸರಿಯಿರಿ. ಕಾಡಿನಲ್ಲಿ ಎರಡು ಹೆಜ್ಜೆ ಅಂದರೆ ಬಹಳ ದೊಡ್ಡ ದೂರ. ಒಂದು ಕಾಂಡ ಇನ್ನೊಂದರ ಹಿಂದೆ ಅವಿತುಕೊಂಡಿದ್ದರೆ ಅಷ್ಟರಲ್ಲೇ ಹೊರಗೆ ಬರುತ್ತದೆ, ಮಧ್ಯೆ ಒಂದಿಷ್ಟು ಜಾಗ ಬಿಡುತ್ತದೆ. ಆ ಜಾಗವೇ ನಮಗೆ ಬೇಕಾದ್ದು.

ಇನ್ನೊಂದು ಮಾತು. ‘ಕಾಡಿನ’ ಫೋಟೋ ತೆಗೆಯುತ್ತೇನೆ ಅಂತ ಹೊರಡಬೇಡಿ. ಒಂದು ಮರದ್ದು ತೆಗೆಯಿರಿ. ಇದು ಯಾವುದರ ಫೋಟೋ ಅಂತ ಯಾರಾದರೂ ಕೇಳಿದರೆ ಒಂದು ಬೆರಳು ತೋರಿಸಿ ಹೇಳುವಂತಿರಬೇಕು. ಉಳಿದದ್ದನ್ನೆಲ್ಲ ಫ್ರೇಮಿನಿಂದ ಹೊರಗೆ ಬಿಡುವುದೇ ಕೆಲಸ. ನನ್ನ ಪ್ರಕಾರ ಈ ಕೆಲಸದಲ್ಲಿ ಮುಕ್ಕಾಲು ಪಾಲು ಬಿಡುವುದೇ. ಎಡಿಟಿಂಗ್ ಕೂಡ ಅದೇ ಬಿಡುವಿಕೆಯ ಮುಂದುವರಿಕೆ, ಅದಕ್ಕೆ ಆಮೇಲೆ ಬರುತ್ತೇನೆ.

ಅಗಲದ ಲೆನ್ಸ್ ಬೇಕಲ್ವಾ? ಲ್ಯಾಂಡ್‌ಸ್ಕೇಪ್ ಅಂದರೆ ವೈಡ್ ಅಂತಾರೆ.

ಬೆಟ್ಟದ ತುದಿಗೆ, ಸಮುದ್ರಕ್ಕೆ ವೈಡ್ ಸರಿ. ಕಾಡಿನೊಳಗೆ ಅದು ಜಾಸ್ತಿ ತುಂಬಿಸಿಕೊಳ್ಳುತ್ತದೆ. ಬುಡದ ಕಸ, ಮೇಲಿನ ಬಿಳಿ ಆಕಾಶ, ಪಕ್ಕದಲ್ಲಿ ನಿಂತವರ ಬ್ಯಾಗು, ಎಲ್ಲ ಒಳಗೆ. ಕ್ಯಾಮೆರಾ ಸ್ವಲ್ಪ ಮೇಲಕ್ಕೆತ್ತಿದರೆ ಮರಗಳೆಲ್ಲ ಒಳಕ್ಕೆ ವಾಲುತ್ತವೆ. ನನ್ನ ಫೋಟೋಗಳಲ್ಲಿ ಹೆಚ್ಚಿನವು 50ರಿಂದ 135 ಎಂಎಂ ಒಳಗೆ ತೆಗೆದವು (ಈ ಅಂಕಿ ದೊಡ್ಡದಾದಷ್ಟೂ ಫ್ರೇಮಿಗೆ ಕಡಿಮೆ ಜಾಗ ಬರುತ್ತದೆ). ಕ್ಯಾಮೆರಾ ಜೊತೆ ಬಂದ ಕಿಟ್ ಲೆನ್ಸಿನ ಉದ್ದದ ತುದಿ ಸಾಕು. ಹೊಸ ಲೆನ್ಸ್ ಕೊಳ್ಳುವ ದುಡ್ಡಿನಲ್ಲಿ ಒಂದು ಒಳ್ಳೆ ಟ್ರೈಪಾಡ್ ಮತ್ತು ಕೊಡೆ ತಗೊಳ್ಳಿ.

ಮೊಬೈಲ್ ಸಾಕಾ ಅಕ್ಕಾ?

ಸಾಕು. ಮೊಬೈಲಿನಲ್ಲಿ ಹತ್ತಿರದ ಬೇರಿನಿಂದ ದೂರದ ಮರದವರೆಗೂ ಎಲ್ಲ ಸ್ಪಷ್ಟ ಬರುತ್ತದೆ. ದೊಡ್ಡ ಕ್ಯಾಮೆರಾದಲ್ಲಿ ಅದಕ್ಕೆ ಹೆಣಗಬೇಕು. ಕಷ್ಟ ಇರುವುದು ಬೇರೆ ಕಡೆ. ಮೊಬೈಲ್ ತಾನೇ ಬುದ್ಧಿ ಉಪಯೋಗಿಸಿ ನೆರಳನ್ನೆಲ್ಲ ಬೆಳ್ಳಗೆ ಮಾಡುತ್ತದೆ, ಎಲೆಯ ಅಂಚನ್ನು ಗರಗರ ಅನ್ನುವಷ್ಟು ಹರಿತ ಮಾಡುತ್ತದೆ. ಕಾಡಿಗೆ ನೆರಳು ಬೇಕು. ಹಾಗಾಗಿ ಪರದೆ ಮೇಲೆ ಬೆರಳಿಟ್ಟು, ಬೆಳಕಿನ ಗುರುತನ್ನು ಸ್ವಲ್ಪ ಕೆಳಗೆಳೆದು ತೆಗೆಯಿರಿ. ನಿಮ್ಮ ಮೊಬೈಲಿನಲ್ಲಿ ರಾ (ಕ್ಯಾಮೆರಾ ತಾನು ತಿದ್ದದೆ ಕೊಡುವ ಹಸಿ ಫೈಲು) ಇದ್ದರೆ ಅದನ್ನು ಆನ್ ಮಾಡಿ. 2ಎಕ್ಸ್ ಅಥವಾ 3ಎಕ್ಸ್ ಲೆನ್ಸ್ ಬೇರೆಯಾಗಿ ಇದ್ದರೆ ಅದನ್ನೇ ಜಾಸ್ತಿ ಬಳಸಿ.

ಯಾವ ತಿಂಗಳು ಒಳ್ಳೆಯದು?

ಮುಂಬೈಗೆ ಮಳೆ ಬರುವ ವಾಡಿಕೆಯ ದಿನ ಜೂನ್ 11. ಅಲ್ಲಿಂದ ಎರಡು ವಾರ ಬಿಟ್ಟು ಬನ್ನಿ. ಜುಲೈನಿಂದ ಸೆಪ್ಟೆಂಬರ್ ತನಕ ಪಾರ್ಕು ಹಸಿರು ಕಡಾಯಿ. ಕಾಂಡ ನೆಂದು ಕಪ್ಪಾಗಿರುತ್ತದೆ, ಎಲೆ ಎಳೆಯದಾಗಿರುತ್ತದೆ. ಕಪ್ಪು ಕಾಂಡದ ಎದುರು ಎಳೆ ಹಸಿರು ತಾನೇ ಎದ್ದು ಕಾಣುತ್ತದೆ.

ಆದರೆ ಎಲ್ಲರೂ ಮಳೆಗಾಲದಲ್ಲೇ ಬರುತ್ತಾರೆ. ನನಗೆ ಫೆಬ್ರವರಿ, ಮಾರ್ಚ್ ಕೂಡ ಅಷ್ಟೇ ಇಷ್ಟ. ಇದು ಎಲೆ ಉದುರಿಸುವ ಕಾಡು. ತೇಗ, ಮತ್ತಿ ಬೋಳಾದಾಗ ಮರದ ಎಲುಬು ಕಾಣಿಸುತ್ತದೆ. ಬೂರುಗ, ಮುತ್ತುಗ ಹೂ ಬಿಡುತ್ತವೆ. ಸಾಗಡೆ ಮರ, ಮರಾಠಿಯವರು ಕುಸುಂಬ್ ಅನ್ನುತ್ತಾರೆ, ಚಿಗುರುವುದೇ ಕೆಂಪು ಬಣ್ಣದಲ್ಲಿ. ಸುತ್ತ ಬೂದು ಬಣ್ಣ, ಮಧ್ಯೆ ಆ ಒಂದು ಮರ ಮಾತ್ರ ಕೆಂಪು. ಎಷ್ಟೋ ಜನ ಅದನ್ನು ಒಣಗಿದ ಮರ ಅಂದುಕೊಂಡು ಮುಂದೆ ಹೋಗುತ್ತಾರೆ.

ಹೊತ್ತಿನ ವಿಷಯ ಹೇಳುವುದಾದರೆ, ಗೇಟ್ ತೆರೆದ ಕೂಡಲೇ ಹೋಗಿ. ಮೋಡ ಇದ್ದರೆ ಇಡೀ ದಿನ ತೆಗೆಯಬಹುದು. ನೆತ್ತಿ ಮೇಲೆ ಬಿಸಿಲಿದ್ದರೆ ಕ್ಯಾಮೆರಾ ಬ್ಯಾಗಿಗೆ ಹಾಕಿ. ನೆಲದ ತುಂಬ ಚಿಕ್ಕೆ ಚಿಕ್ಕೆ ಬಿಸಿಲು ಬಿದ್ದ ಕಾಡನ್ನು ಯಾವ ಎಡಿಟಿಂಗೂ ಉಳಿಸುವುದಿಲ್ಲ.

ಮಂಜು ಬೇಕು. ಬೋರಿವಲಿಯಲ್ಲಿ ಸಿಗುತ್ತದಾ?

ಅಪರೂಪ. ಪಾರ್ಕಿನ ಅತಿ ಎತ್ತರದ ಜಾಗವೂ 500 ಮೀಟರ್ ದಾಟುವುದಿಲ್ಲ, ಮೋಡ ಅಲ್ಲಿ ಇಳಿದು ಕೂರುವುದು ಕಡಿಮೆ. ಚಳಿಗಾಲದಲ್ಲಿ ಕಾಣುವುದು ಹೆಚ್ಚಾಗಿ ಊರಿನ ಧೂಳು, ಹೊಗೆ.

ಮಂಜು ಯಾಕೆ ಬೇಕು ಅಂತ ಯೋಚಿಸಿದರೆ ಬದಲಿ ಸಿಗುತ್ತದೆ. ದೂರದ ಮರ ಮಸುಕಾಗಿ, ಹತ್ತಿರದ್ದು ಗಟ್ಟಿಯಾಗಿ ಕಾಣಲಿ ಅಂತ ತಾನೇ? ಜೋರು ಮಳೆಯೂ ಅದನ್ನೇ ಮಾಡುತ್ತದೆ. ಐವತ್ತು ಅಡಿ ಆಚೆಗಿನ ಮರಗಳ ಮೇಲೆ ಸುರಿವ ಮಳೆ ತೆಳ್ಳನೆ ಪಂಚೆ ಹರಡಿದ ಹಾಗೆ ಕಾಣುತ್ತದೆ. ಕೊಡೆ ಹಿಡಿಯಲು ಒಬ್ಬರು ಜೊತೆಗಿರಲಿ.

ನಿಜವಾದ ಮಂಜೇ ಬೇಕಿದ್ದರೆ ಮಾಥೆರಾನ್. ಸುಮಾರು 800 ಮೀಟರ್ ಎತ್ತರ, ಜುಲೈ ಆಗಸ್ಟಿನಲ್ಲಿ ಮೋಡ ಕಾಡಿನೊಳಗೇ ನಡೆದಾಡುತ್ತದೆ. ಕಾರು ಬೈಕು ಊರೊಳಗೆ ಬಿಡುವುದಿಲ್ಲ, ದಸ್ತೂರಿ ನಾಕಾದಲ್ಲಿ ನಿಲ್ಲಿಸಬೇಕು. ನೇರಳ್‌ನಿಂದ ಮೇಲೆ ಹೋಗುವ ಚಿಕ್ಕ ರೈಲು 1907ರಲ್ಲಿ ಶುರುವಾದದ್ದು. ಮಳೆಗಾಲದಲ್ಲಿ ಕೆಳಗಿನಿಂದ ಓಡುವುದಿಲ್ಲ, ಅಮನ್ ಲಾಡ್ಜ್ ಸ್ಟೇಷನ್ನಿನಿಂದ ಮೇಲಿನ ಚೂರು ಮಾತ್ರ ಓಡುತ್ತದೆ. ಕೆಂಪು ಮಣ್ಣಿನ ದಾರಿ, ಎರಡೂ ಕಡೆ ನೇರಳೆ ಮರ, ಮಧ್ಯೆ ಮಂಜು. ನಮ್ಮ ಮಲೆನಾಡಿನವರಿಗೆ ಊರು ನೆನಪಾಗಿ ಫೋಟೋ ತೆಗೆಯುವುದೇ ಮರೆತುಹೋಗುತ್ತದೆ. ಒಂದೇ ಎಚ್ಚರಿಕೆ, ಮಂಗಗಳಿಗೆ ಲೆನ್ಸಿನ ಮುಚ್ಚಳ ಬಿಸ್ಕೀಟಿನ ತರಹ ಕಾಣುತ್ತದೆ.

ಸೆಟ್ಟಿಂಗ್ ಹೇಳಿಬಿಡಿ, ಬರೆದುಕೊಳ್ಳುತ್ತೇನೆ.

ಸೆಟ್ಟಿಂಗ್‌ಗಿಂತ ಲೆಕ್ಕ ಗೊತ್ತಿದ್ದರೆ ಒಳ್ಳೆಯದು. ಮಳೆಗಾಲದ ಬೆಳಿಗ್ಗೆ, ದಟ್ಟ ಮರದಡಿ, ಎಫ್ 8 (ಲೆನ್ಸಿನ ರಂಧ್ರದ ಅಳತೆ), ಐಎಸ್‌ಒ 100 (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಇಟ್ಟರೆ ಶಟರ್ ತೆರೆದಿರುವ ಹೊತ್ತು ಸಾಮಾನ್ಯವಾಗಿ 1/4 ಸೆಕೆಂಡ್ ಹತ್ತಿರ ಬರುತ್ತದೆ. ಕೈಯಲ್ಲಿ ಹಿಡಿದು ಆಗುವುದಿಲ್ಲ, ಟ್ರೈಪಾಡ್ ಬೇಕು. ಟ್ರೈಪಾಡ್ ಇದ್ದರೂ ಗಾಳಿಗೆ ಎಲೆ ಅಲ್ಲಾಡಿದರೆ ಕಲಸಿಹೋಗುತ್ತದೆ. ಅಲ್ಲಾಡುವ ಎಲೆ ನಿಲ್ಲಬೇಕಾದರೆ 1/125 ಆದರೂ ಬೇಕು. 1/4ರಿಂದ 1/125ಕ್ಕೆ ಐದು ಮೆಟ್ಟಿಲು, ಅಂದರೆ ಐದು ಸ್ಟಾಪ್; ಒಂದೊಂದಕ್ಕೂ ಬೆಳಕು ಅರ್ಧವಾಗುತ್ತದೆ. ಐಎಸ್‌ಒ ಕೂಡ ಐದು ಸಲ ಇಮ್ಮಡಿಯಾಗಬೇಕು: 200, 400, 800, 1600, 3200. ಅಂದರೆ ಒಂದೋ ಐಎಸ್‌ಒ 3200ರ ಕಾಳು ಕಾಳು ಫೋಟೋ, ಇಲ್ಲವೇ ಗಾಳಿ ನಿಲ್ಲುವ ತನಕ ಕಾಯುವುದು.

ನಾನು ಕಾಯುತ್ತೇನೆ. ಗಾಳಿ ಒಂದೇ ಸಮ ಬೀಸುವುದಿಲ್ಲ, ಉಸಿರಾಡುತ್ತದೆ. ತುದಿ ಎಲೆ ನೋಡುತ್ತಾ ನಿಂತರೆ ನಡುವೆ ಎರಡು ಮೂರು ಸೆಕೆಂಡ್ ಸುಮ್ಮನಾಗುವುದು ಕಾಣುತ್ತದೆ. ಆಗ ಒತ್ತಿ. ಟೈಮರ್ ಇಡಬೇಡಿ, ಎರಡು ಸೆಕೆಂಡಿನಲ್ಲಿ ಗಾಳಿ ವಾಪಸ್ ಬಂದಿರುತ್ತದೆ. ಒಂದು ರಿಮೋಟ್ ಇಟ್ಟುಕೊಳ್ಳಿ.

ಎಫ್ 8ರಿಂದ 11 ಸಾಕು. 16ರಾಚೆ ಹೋದರೆ ಎಲ್ಲ ಕಡೆ ಸ್ವಲ್ಪ ಮೆತ್ತಗಾಗುತ್ತದೆ, ರಂಧ್ರ ಚಿಕ್ಕದಾದಷ್ಟೂ ಬೆಳಕು ಚದುರುತ್ತದೆ.

ಸಿಪಿಎಲ್ ಫಿಲ್ಟರ್ ನಿಜವಾಗಿಯೂ ಬೇಕಾ?

ಬೇಕು. ಲೆನ್ಸಿನ ಮುಂದೆ ಹಾಕಿ ತಿರುಗಿಸುವ, ಹೊಳಪು ತಗ್ಗಿಸುವ ಗಾಜು ಅದು. ಕಾಡಿಗೆ ಹೋಗುವವರು ಕೊಳ್ಳಬೇಕಾದ ಒಂದೇ ಫಿಲ್ಟರ್. ಒದ್ದೆ ಎಲೆ ಆಕಾಶವನ್ನು ಕನ್ನಡಿ ಹಾಗೆ ತೋರಿಸುತ್ತದೆ, ಅದಕ್ಕೇ ಫೋಟೋದಲ್ಲಿ ಎಲೆ ಮೇಲೆಲ್ಲ ಬಿಳಿ ಬಿಳಿ. ಫಿಲ್ಟರ್ ತಿರುಗಿಸುತ್ತಾ ಹೋದರೆ ಆ ಬಿಳುಪು ಆರಿ ಒಳಗಿನ ಹಸಿರು ಮೇಲೆ ಬರುತ್ತದೆ. ಇದನ್ನು ಎಡಿಟಿಂಗ್‌ನಲ್ಲಿ ಮಾಡಲು ಆಗುವುದಿಲ್ಲ, ಬಿಳುಪಿನ ಕೆಳಗಿನ ಬಣ್ಣ ಫೈಲಿನಲ್ಲೇ ಇರುವುದಿಲ್ಲ. ಒಂದರಿಂದ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ, ಮೇಲಿನ ಲೆಕ್ಕಕ್ಕೆ ಅದನ್ನೂ ಸೇರಿಸಿ. ಪೂರ್ತಿ ತಿರುಗಿಸಬೇಡಿ. ಒಂದಿಷ್ಟೂ ಹೊಳಪಿಲ್ಲದ ಎಲೆ ಪ್ಲಾಸ್ಟಿಕ್ ತೋರಣದ ಎಲೆ ತರಹ ಕಾಣುತ್ತದೆ.

ಮರದ ಸಂದಿಯಲ್ಲಿ ಆಕಾಶ ಬೆಳ್ಳಗೆ ಸುಟ್ಟುಹೋಗುತ್ತದೆ. ಏನು ಮಾಡಲಿ?

ಆಕಾಶ ಸೇರಿಸಬೇಡಿ. ಇಳಿಜಾರು ಹುಡುಕಿ. ದಿಣ್ಣೆ ಎದುರಿಗಿದ್ದರೆ ಹಿನ್ನೆಲೆಯಲ್ಲಿ ಮತ್ತೆ ಕಾಡೇ ಬರುತ್ತದೆ. ಪಾರ್ಕಿನೊಳಗಿನ ಕಾನ್ಹೇರಿ ಗುಹೆಗೆ ಹೋಗುವ ರಸ್ತೆಯ ಪಕ್ಕ ಹಳ್ಳದ ಕಡೆ ಮುಖ ಮಾಡಿದರೆ ಇಂಥ ಜಾಗ ಸುಮಾರು ಸಿಗುತ್ತವೆ. ಆದರೂ ಒಂದೆರಡು ತೂತು ಉಳಿದರೆ ಎಕ್ಸ್‌ಪೋಶರ್ (ಫೋಟೋದ ಒಟ್ಟು ಬೆಳಕು) ಕಡಿಮೆ ಮಾಡಿ ತೆಗೆಯಿರಿ. ಕಪ್ಪಾದದ್ದನ್ನು ಆಮೇಲೆ ಎತ್ತಬಹುದು, ಸುಟ್ಟದ್ದು ಸುಟ್ಟದ್ದೇ.

ಮಳೆಗಾಲದಲ್ಲಿ ಲೆನ್ಸಿಗೆ ಫಂಗಸ್ ಬರುತ್ತದೆ ಅಂತಾರೆ. ನಿಜವಾ?

ನನಗೆ ಬಂದಿದೆ. ಅಪ್ಪ ಕೊಡಿಸಿದ 50 ಎಂಎಂ ಲೆನ್ಸ್. ಬಹಳ ಜೋಪಾನ ಅಂತ ಚರ್ಮದ ಚೀಲದಲ್ಲಿಟ್ಟು, ಅದನ್ನು ರೇಷ್ಮೆ ಸೀರೆಗಳ ಮಧ್ಯೆ ಕಬ್ಬಿಣದ ಬೀರುವಿನಲ್ಲಿ ಇಟ್ಟೆ. ಜೂನ್‌ನಲ್ಲಿ ಇಟ್ಟದ್ದು ಗಣಪತಿ ಹಬ್ಬಕ್ಕೆ ತೆಗೆದೆ. ದೀಪಕ್ಕೆ ಹಿಡಿದು ನೋಡಿದರೆ ಒಳಗಿನ ಗಾಜಿನ ಮೇಲೆ ಜೇಡ ಬಲೆ ಕಟ್ಟಿದ ಹಾಗೆ ಬೆಳ್ಳನೆ ಎಳೆ. ರಿಪೇರಿಯವರು ಬಿಚ್ಚಿ ಒರೆಸಿದರು. ಬಲೆ ಹೋಯಿತು, ಅದರ ಗುರುತು ಹೋಗಲಿಲ್ಲ. ಫಂಗಸ್ ಬಿಡುವ ಆಮ್ಲ ಗಾಜಿನ ಲೇಪನವನ್ನೇ ತಿಂದಿತ್ತು.

ತಪ್ಪು ನನ್ನದೇ. ಚರ್ಮ, ಬಟ್ಟೆ ಎರಡೂ ತೇವ ಹೀರಿ ಇಟ್ಟುಕೊಳ್ಳುತ್ತವೆ. ಮೇಲೆ ಕತ್ತಲು, ಗಾಳಿ ಇಲ್ಲ. ಫಂಗಸ್‌ಗೆ ಅದಕ್ಕಿಂತ ಒಳ್ಳೆ ಮನೆ ಬೇಕಾ? ಜುಲೈನಲ್ಲಿ ಮುಂಬೈ ಗಾಳಿಯ ತೇವ ಶೇಕಡಾ 80ರ ಮೇಲೆಯೇ ಇರುತ್ತದೆ. ಲೆನ್ಸಿಗೆ ಬೇಕಾದದ್ದು 40ರಿಂದ 50.

ಈಗ ಮಾಡುತ್ತಿರುವುದು ಹೀಗೆ. ಅಡುಗೆಮನೆಗೆ ಕೊಳ್ಳುವಂಥ ಗಾಳಿಯಾಡದ ದೊಡ್ಡ ಪ್ಲಾಸ್ಟಿಕ್ ಡಬ್ಬಿ. ಒಳಗೆ ಸಿಲಿಕಾ ಜೆಲ್ ಪೊಟ್ಟಣಗಳು, ಜೊತೆಗೆ ತೇವ ಅಳೆಯುವ ಪುಟ್ಟ ಮೀಟರ್. ಕಿತ್ತಳೆ ಬಣ್ಣದ ಜೆಲ್ ತಗೊಳ್ಳಿ, ತೇವ ಕುಡಿದು ಹಸಿರಾದಾಗ ಓವನ್‌ನಲ್ಲಿ ಬಿಸಿ ಮಾಡಿದರೆ ಮತ್ತೆ ಕಿತ್ತಳೆಯಾಗುತ್ತದೆ. ನೀಲಿಯದರಲ್ಲಿ ಕೋಬಾಲ್ಟ್ ಇರುತ್ತದೆ, ಮನೆಯಲ್ಲಿ ಮಕ್ಕಳಿದ್ದರೆ ಬೇಡ. ಅಕ್ಕಿ ಡಬ್ಬಿಯಲ್ಲಿ ಕ್ಯಾಮೆರಾ ಹೂಳುವುದು ಎಲ್ಲರೂ ಹೇಳುವ ಮದ್ದು. ಬೇಡ, ಅಕ್ಕಿಯ ಧೂಳು ಒಳಗೆ ಸೇರುತ್ತದೆ. ಎಲ್ಲಕ್ಕಿಂತ ದೊಡ್ಡ ಮದ್ದು ಲೆನ್ಸ್ ಬಳಸುವುದು. ವಾರಕ್ಕೊಮ್ಮೆ ಹೊರಗೆ ತೆಗೆದ ಲೆನ್ಸಿಗೆ ಫಂಗಸ್ ಬಂದದ್ದನ್ನು ನಾನಂತೂ ನೋಡಿಲ್ಲ.

ಏಸಿ ಕಾರಿನಿಂದ ಇಳಿದ ಕೂಡಲೇ ಕ್ಯಾಮೆರಾ ಹೊರಗೆ ತೆಗೆದರೆ ಗಾಜು ಬೆವರುತ್ತದೆ. ಬ್ಯಾಗಿನೊಳಗೇ ಅರ್ಧ ಗಂಟೆ ಬಿಡಿ. ಅಷ್ಟರಲ್ಲಿ ಚಹಾ ಆಗುತ್ತದೆ.

ಚಿರತೆ ಇದೆಯಲ್ಲ, ಹೆದರಿಕೆ ಆಗೋದಿಲ್ವಾ?

ಇದೆ. ನೂರು ಚದರ ಕಿಲೋಮೀಟರಿಗೂ ಸ್ವಲ್ಪ ಹೆಚ್ಚಿರುವ ಕಾಡು, ಸುತ್ತಲೂ ಊರು, ಒಳಗೆ ಚಿರತೆ. ಇಷ್ಟು ವರ್ಷದಲ್ಲಿ ನಾನು ನೋಡಿದ್ದು ಹೆಜ್ಜೆ ಗುರುತು ಮಾತ್ರ, ಅದು ನನ್ನನ್ನು ಎಷ್ಟು ಸಲ ನೋಡಿದೆಯೋ. ಒಬ್ಬರೇ ಹೋಗಬೇಡಿ. ಬಿಟ್ಟಿರುವ ದಾರಿ ಬಿಟ್ಟು ಒಳಗೆ ನುಗ್ಗಬೇಡಿ. ಮುಸ್ಸಂಜೆಗೆ ಮುಂಚೆ ಹೊರಗೆ ಬನ್ನಿ. ಟ್ರೈಪಾಡ್ ತಗ್ಗಿಸಿ ಕುಕ್ಕರುಗಾಲಲ್ಲಿ ಬಹಳ ಹೊತ್ತು ಕೂರುವಾಗ ಇನ್ನೊಬ್ಬರು ಪಕ್ಕದಲ್ಲಿ ನಿಂತಿರಲಿ. ನಿಜ ಹೇಳಬೇಕೆಂದರೆ ನಾನು ಹೆದರುವುದು ಹಾವಿಗೆ. ಕೊಂಬೆ ಸರಿಸುವ ಮುಂಚೆ ನೋಡಿ ಕೈ ಹಾಕಿ.

ಡ್ರೋನ್?

ಇಲ್ಲ. ಅನುಮತಿ ಇಲ್ಲದೆ ಹಾರಿಸುವ ಹಾಗಿಲ್ಲ. ಮದುವೆ ಮುಂಚಿನ ಶೂಟಿಂಗ್, ಜಾಹೀರಾತು ಇಂಥವಕ್ಕೂ ಬೇರೆ ಅನುಮತಿ ಬೇಕು.

ರಾ ಯಾಕೆ? ಜೆಪೆಗ್ ಚೆನ್ನಾಗಿಯೇ ಬರುತ್ತದಲ್ಲ.

ಜೆಪೆಗ್ ಅಂದರೆ ಹೋಟೆಲಿನಿಂದ ತಂದ ಸಾಂಬಾರ್. ಉಪ್ಪು ಜಾಸ್ತಿಯಾಗಿದ್ದರೆ ತೆಗೆಯಲು ಬರುವುದಿಲ್ಲ. ರಾ ಅಂದರೆ ಬೇಳೆ, ತರಕಾರಿ, ಪುಡಿ ಬೇರೆ ಬೇರೆ. ಕಾಡಿನ ಫೋಟೋಗೆ ಇದು ಇನ್ನೂ ಮುಖ್ಯ, ಯಾಕೆಂದರೆ ಎಲೆಗಳ ಮೂಲಕ ಸೋಸಿ ಬಂದ ಬೆಳಕೇ ಹಸಿರು. ಕಾಂಡ, ಕಲ್ಲು, ಮನುಷ್ಯರ ಮುಖ ಎಲ್ಲ ಹಸಿರಾಗುತ್ತದೆ. ಅದನ್ನು ಸರಿ ಮಾಡಲು ರಾ ಇದ್ದರೆ ನಿರಾಳ.

ಯಾವ ಸಾಫ್ಟ್‌ವೇರ್?

ನಾನು ಲೈಟ್‌ರೂಮ್ ಬಳಸುತ್ತೇನೆ. ದುಡ್ಡು ಕೊಡಬಾರದು ಅಂದರೆ ಡಾರ್ಕ್‌ಟೇಬಲ್ ಅಥವಾ ರಾಥೆರಪಿ, ಎರಡೂ ಉಚಿತ. ಮೊಬೈಲಿನಲ್ಲಿ ಸ್ನ್ಯಾಪ್‌ಸೀಡ್. ಯಾವುದರಲ್ಲಿ ಕೈ ಕುದುರಿದೆಯೋ ಅದೇ ಒಳ್ಳೆಯದು.

ಲೋಕಲ್ ಟ್ರೇನಿನಲ್ಲಿ ನಿಂತು ಎಡಿಟ್ ಮಾಡಬೇಡಿ. ಬೆಳಕಿಗೆ ಪರದೆಯ ಬ್ರೈಟ್‌ನೆಸ್ ಪೂರ್ತಿ ಏರಿಸಿರುತ್ತೀರಿ, ಮನೆಗೆ ಬಂದು ನೋಡಿದರೆ ಫೋಟೋ ಇದ್ದಿಲು. ರಾತ್ರಿ ಮಾಡುವಾಗ ಪರದೆ ಹಳದಿ ಮಾಡುವ ನೈಟ್ ಲೈಟ್ ಆಫ್ ಮಾಡಿ.

ಹಸಿರು ಯಾಕೆ ಕಣ್ಣಿಗೆ ಚುಚ್ಚುತ್ತದೆ? ಹಸಿರು ಸ್ಲೈಡರ್ ಇಳಿಸಿದರೂ ಏನೂ ಆಗುವುದಿಲ್ಲ.

ನೀವು ತಪ್ಪು ಬಾಗಿಲು ತಟ್ಟುತ್ತಿದ್ದೀರಿ. ಎಲೆಯ ಹಸಿರಿನಲ್ಲಿ ದೊಡ್ಡ ಪಾಲು ಹಳದಿ. ಲೈಟ್‌ರೂಮಿನಲ್ಲಿ ‘ಹಳದಿ’ ಸ್ಲೈಡರ್ ಎಳೆದು ನೋಡಿ, ಅರ್ಧ ಕಾಡು ಅಲ್ಲಾಡುತ್ತದೆ. ಮಳೆಗಾಲದ ಎಳೆ ಹುಲ್ಲು, ಪಾಚಿಯಂತೂ ಪೂರ್ತಿ ಅಲ್ಲೇ ಇರುತ್ತದೆ.

ಮತ್ತೆ ಕ್ಯಾಮೆರಾದ ‘ವಿವಿಡ್’ ಪ್ರೊಫೈಲ್ ತೆಗೆದು ‘ನ್ಯೂಟ್ರಲ್’ ಹಾಕಿ. ಅರ್ಧ ಚುಚ್ಚುವಿಕೆ ಅಲ್ಲೇ ಹೋಗುತ್ತದೆ. ಸ್ಯಾಚುರೇಶನ್ (ಬಣ್ಣದ ಗಾಢತೆ) ಏರಿಸಿದರೆ ಕಾಡು ಜಾಸ್ತಿ ಹಸಿರಾಗುವುದಿಲ್ಲ, ಸುಣ್ಣ ಬಣ್ಣ ಹೊಡೆದ ಗೋಡೆಯಾಗುತ್ತದೆ.

ಒಂದು ಫೋಟೋ ಇಟ್ಟುಕೊಂಡು ಮೊದಲಿನಿಂದ ಕೊನೆತನಕ ತೋರಿಸುತ್ತೀರಾ?

ಸರಿ. ಕಾನ್ಹೇರಿ ರಸ್ತೆಯ ಹಳ್ಳದ ಹತ್ತಿರ ಒಂದು ಬಸರಿ ಮರ ಇದೆ. ಕಪ್ಪು ಬಂಡೆಯನ್ನು ಬೇರಿನಿಂದ ತಬ್ಬಿಕೊಂಡು ನಿಂತಿದೆ, ಮುದುಕಿಯ ಕೈ ಹಾಗೆ ಗಂಟು ಗಂಟು ಬೇರು. ನಾಲ್ಕು ವರ್ಷದಿಂದ ಅದರ ಫೋಟೋ ತೆಗೆಯುತ್ತಿದ್ದೇನೆ. ಮೊದಲ ವರ್ಷದ್ದೆಲ್ಲ ಅಳಿಸಿದ್ದೇನೆ. ಇಲ್ಲಿ ಹೇಳುತ್ತಿರುವುದು ಸೆಪ್ಟೆಂಬರಿನ ಒಂದು ಬೆಳಿಗ್ಗೆಯದು. ಮೋಡ, ಆಗಷ್ಟೇ ನಿಂತ ಮಳೆ, 85 ಎಂಎಂ, ಎಫ್ 9.

ತೆರೆದಾಗ ಹೇಗಿತ್ತು ಅಂದರೆ, ಇಡೀ ಫೋಟೋ ಒಂದೇ ಹಸಿರು. ಬೇರು ಎಲ್ಲಿದೆ ಅಂತ ಹುಡುಕಬೇಕು. ಎಡ ಮೂಲೆಯಲ್ಲಿ ಒಂದು ತೇಗದ ಎಲೆ ಬಿಳಿ ಕರವಸ್ತ್ರದ ಹಾಗೆ ಹೊಳೆಯುತ್ತಿತ್ತು.

ಮೊದಲು ವೈಟ್ ಬ್ಯಾಲೆನ್ಸ್, ಅಂದರೆ ಇಡೀ ಫೋಟೋದ ಬಣ್ಣ ಸರಿ ಮಾಡುವುದು. 5600 ಇಟ್ಟು, ಟಿಂಟ್ ಮೆಜೆಂಟಾ ಕಡೆಗೆ 12. ಬಂಡೆ ಕಪ್ಪಾಗುವ ತನಕ ಎಳೆದೆ. ಬಂಡೆಯ ಬಣ್ಣ ಗೊತ್ತಿರುವುದರಿಂದ ಅದನ್ನೇ ನಂಬುವುದು.

ಎಕ್ಸ್‌ಪೋಶರ್ ಮೈನಸ್ 0.3, ಹೈಲೈಟ್ (ಹೊಳೆಯುವ ಭಾಗಗಳು) ಮೈನಸ್ 60. ನೆರಳು ಮುಟ್ಟಲಿಲ್ಲ. ಬ್ಲ್ಯಾಕ್ ಪ್ಲಸ್ 8, ಮಳೆಯ ಗಾಳಿಯಲ್ಲಿ ಗಾಢ ಕಪ್ಪು ಇರುವುದಿಲ್ಲ.

ಬಣ್ಣಕ್ಕೆ ಬಂದರೆ, ಹಳದಿಯ ಸ್ಯಾಚುರೇಶನ್ ಮೈನಸ್ 20, ಹಸಿರಿನದು ಮೈನಸ್ 35. ಹಸಿರಿನ ಹ್ಯೂ (ಬಣ್ಣದ ಛಾಯೆ) ಹಳದಿ ಕಡೆಗೆ 10. ಹೀಗೆ ಮಾಡಿದರೆ ಹತ್ತು ಥರದ ಹಸಿರು ಒಂದೇ ಮನೆತನಕ್ಕೆ ಸೇರುತ್ತವೆ. ಹಸಿರಿನ ಲ್ಯೂಮಿನೆನ್ಸ್ (ಆ ಬಣ್ಣದ ಬೆಳಕು) ಮೈನಸ್ 15. ಅಷ್ಟಕ್ಕೇ ಬೇರು ತಾನಾಗಿ ಮುಂದೆ ಬಂತು. ಬೇರನ್ನು ನಾನು ಬೆಳಗಿಸಿದ್ದಲ್ಲ, ಸುತ್ತಲಿನ ಗಲಾಟೆ ತಗ್ಗಿಸಿದ್ದು.

ಆಮೇಲೆ ಮಾಸ್ಕ್, ಅಂದರೆ ಫೋಟೋದ ಒಂದು ಭಾಗವನ್ನು ಮಾತ್ರ ತಿದ್ದುವುದು. ಬೇರಿನ ಮೇಲೆ ದೊಡ್ಡದೊಂದು ಮೆತ್ತನೆ ಅಂಚಿನ ಗೋಲ, ಎಕ್ಸ್‌ಪೋಶರ್ ಪ್ಲಸ್ 0.4, ಒಂಚೂರು ಬಿಸಿ ಬಣ್ಣ. ಹಿಂದಿನ ಮೂರು ತೇಗದ ಕಾಂಡಗಳಿಗೆ ಇನ್ನೊಂದು ಮಾಸ್ಕ್, ಕ್ಲ್ಯಾರಿಟಿ ಮೈನಸ್ 15, ಡಿಹೇಜ್ (ಮಸುಕು ತೆಗೆಯುವ ಸ್ಲೈಡರ್) ಮೈನಸ್ 8. ಅವು ಒಂದು ಹೆಜ್ಜೆ ಹಿಂದೆ ಸರಿದವು. ಎಡ ಮೂಲೆಯ ಕರವಸ್ತ್ರವನ್ನು ಬ್ರಶ್‌ನಿಂದ ಕಪ್ಪು ಮಾಡಿದೆ, ಸಾಲಲಿಲ್ಲ. ಕೊನೆಗೆ ಎಡದಿಂದ ಒಂದು ಬೆರಳಗಲ ಕ್ರಾಪ್ ಮಾಡಿ 4:5ಕ್ಕೆ ತಂದೆ. ಸ್ಥಳದಲ್ಲೇ ಅರ್ಧ ಹೆಜ್ಜೆ ಬಲಕ್ಕೆ ನಿಂತಿದ್ದರೆ ಈ ಕೆಲಸವೇ ಇರುತ್ತಿರಲಿಲ್ಲ.

ಶಾರ್ಪನಿಂಗ್ ಮಾಡುವಾಗ ಮಾಸ್ಕಿಂಗ್ ಏರಿಸಿ, ಬೇರು ಕಾಂಡದ ಅಂಚಿಗೆ ಮಾತ್ರ ತಾಗುವಂತೆ. ಎಲ್ಲ ಎಲೆಗೂ ಕೊಟ್ಟರೆ ಮರಳು ಎರಚಿದ ಹಾಗೆ.

ಒಟ್ಟು ಹದಿನೈದು ನಿಮಿಷ. ಆಮೇಲೆ ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ ಕಾಫಿ ಹೊತ್ತಿಗೆ ತೆರೆದು ನೋಡಿದರೆ ಗೋಲದ ಮಾಸ್ಕ್ ಟಾರ್ಚ್ ಬಿಟ್ಟ ಹಾಗೆ ಕಾಣುತ್ತಿತ್ತು. 0.4 ಇದ್ದದ್ದನ್ನು 0.2ಕ್ಕೆ ಇಳಿಸಿದೆ.

ಮಂಜಿನ ಫೋಟೋಗೆ ಡಿಹೇಜ್ ಹಾಕಬೇಕಾ?

ಮಂಜು ನೋಡಲು ಮಾಥೆರಾನ್ ತನಕ ಹತ್ತಿ, ಮನೆಗೆ ಬಂದು ಅದನ್ನು ಒರೆಸಿಹಾಕುವುದು ಯಾಕೆ? ಬೇಡ. ಬೇಕಿದ್ದರೆ ಹತ್ತಿರದ ಒಂದು ಮರಕ್ಕೆ ಮಾತ್ರ ಸ್ವಲ್ಪ.

ಕನಸಿನ ಹಾಗೆ ಹೊಳೆಯುವ ಕಾಡಿನ ಫೋಟೋಗಳು ಕಾಣುತ್ತವಲ್ಲ, ಅದು ಹೇಗೆ?

ಅದಕ್ಕೆ ಆರ್ಟನ್ ಎಫೆಕ್ಟ್ ಅಂತ ಹೆಸರು. ಕೆನಡಾದ ಮೈಕೆಲ್ ಆರ್ಟನ್ ಅನ್ನುವ ಫೋಟೋಗ್ರಾಫರ್ 1980ರ ದಶಕದಲ್ಲಿ, ಫಿಲ್ಮ್ ಕಾಲದಲ್ಲಿ ಮಾಡಿದ್ದು. ಒಂದೇ ದೃಶ್ಯದ ಎರಡು ಸ್ಲೈಡ್, ಒಂದು ಸ್ಪಷ್ಟ, ಇನ್ನೊಂದು ಫೋಕಸ್ ತಪ್ಪಿಸಿದ್ದು. ಒಂದರ ಮೇಲೊಂದು ಇಟ್ಟು ನೋಡುವುದು. ಈಗ ಜಿಂಪ್ ಅನ್ನುವ ಸಾಫ್ಟ್‌ವೇರಿನಲ್ಲಿ ಲೇಯರ್ ನಕಲು ಮಾಡಿ, ಗಾಸಿಯನ್ ಬ್ಲರ್ ಕೊಟ್ಟು, ಸಾಫ್ಟ್ ಲೈಟ್ ಮೋಡ್‌ಗೆ ಹಾಕಿ, ಒಪಾಸಿಟಿ 10ರಿಂದ 15ಕ್ಕೆ ಇಳಿಸಿದರೆ ಆಯಿತು. ನೋಡಿದವರಿಗೆ ಇದು ಹಾಕಿದ್ದೀರಿ ಅಂತ ಗೊತ್ತಾದರೆ ಜಾಸ್ತಿಯಾಯಿತು ಅಂತಲೇ ಲೆಕ್ಕ. ನಾನು ವರ್ಷಕ್ಕೆ ಎರಡು ಸಲ ಹಾಕಿ, ಎರಡೂ ಸಲ ತೆಗೆಯುತ್ತೇನೆ.

ಫೋಟೋದಲ್ಲಿ ಬಿದ್ದ ನೀರಿನ ಬಾಟಲಿ, ಚಿಪ್ಸ್ ಪಾಕೀಟು ಅಳಿಸಬಹುದಾ? ಬೆಳಕಿನ ಕಿರಣ ಸೇರಿಸಬಹುದಾ?

ಬಾಟಲಿಯನ್ನು ಹೋಗಿ ಎತ್ತಿ ಬ್ಯಾಗಿಗೆ ಹಾಕಿಕೊಂಡರೆ ಅಳಿಸುವ ಕೆಲಸ ಉಳಿಯುತ್ತದೆ. ಕೈಗೆ ಸಿಗದಿದ್ದರೆ ಅಳಿಸಿ, ನನ್ನ ತಕರಾರಿಲ್ಲ. ಕಿರಣ ಮಾತ್ರ ಬೇಡ. ಮರ ಯಾವ ಕಡೆ ನೆರಳು ಹಾಕಿದೆ, ಕಿರಣ ಯಾವ ಕಡೆಯಿಂದ ಬಂದಿದೆ ಅಂತ ನೋಡುವವರು ನೋಡಿಯೇ ನೋಡುತ್ತಾರೆ. ಎಐ ಹತ್ತಿರ ಮರ ಬರೆಸುವುದಾದರೆ ಬೆಳಿಗ್ಗೆ ಅಷ್ಟು ಬೇಗ ಏಳುವ ಕಷ್ಟ ಯಾಕೆ, ಮಲಗಿ.

ಪ್ರಿಂಟ್ ಹಾಕಿಸಿದರೆ ಕಪ್ಪಗೆ ಬರುತ್ತದೆ.

ಪರದೆ ಒಳಗಿಂದ ಬೆಳಗುತ್ತದೆ, ಕಾಗದ ಬೆಳಗುವುದಿಲ್ಲ. ಪರದೆಯ ಬೆಳಕು ತಗ್ಗಿಸಿ ಎಡಿಟ್ ಮಾಡಿ, ಮೊದಲು ಚಿಕ್ಕ ಪ್ರಿಂಟ್ ಹಾಕಿಸಿ ನೋಡಿ. ಕಾಡಿಗೆ ಮ್ಯಾಟ್ ಕಾಗದ ಚೆಂದ. 24 ಮೆಗಾಪಿಕ್ಸೆಲ್ ಫೈಲಿನಿಂದ 12 ಇಂಟು 18 ಇಂಚು ಆರಾಮವಾಗಿ ಬರುತ್ತದೆ, 300 ಡಿಪಿಐಗೆ 3600 ಇಂಟು 5400 ಪಿಕ್ಸೆಲ್ ಸಾಕು.

ಕಾರ್ವಿ ಹೂವು ಯಾವಾಗ?

ನಮ್ಮ ಕಡೆ ನೀಲಕುರಿಂಜಿ 12 ವರ್ಷಕ್ಕೊಮ್ಮೆ ಅರಳುತ್ತದಲ್ಲ, ಅದರ ನೆಂಟ ಈ ಪೊದೆ. ಇದಕ್ಕೆ ಎಂಟು ವರ್ಷ. ಮುಂಬೈ ಕಡೆ 2016ರಲ್ಲಿ ಅರಳಿತು, 2024ರಲ್ಲಿ ಅರಳಿತು. ಇನ್ನು 2032. ಹೂ ಇಲ್ಲದ ವರ್ಷಗಳಲ್ಲೂ ಅದರ ದೊಡ್ಡ ಒರಟು ಎಲೆ ಮಳೆಗಾಲದಲ್ಲಿ ಇಡೀ ಇಳಿಜಾರು ಮುಚ್ಚುತ್ತದೆ, ಮರಗಳ ಬುಡಕ್ಕೆ ಒಳ್ಳೆ ಹಾಸು.

ನಾವು ಪುಣೆ, ಗೋವಾದಲ್ಲಿದ್ದೇವೆ. ನಮಗೆಲ್ಲಿ?

ಪುಣೆಯವರಿಗೆ ಭೀಮಾಶಂಕರ, ತಾಮ್ಹಿಣಿ ಘಾಟ್. ಭೀಮಾಶಂಕರದಲ್ಲಿ ಶೇಕರು ಅಂದರೆ ನಮ್ಮ ಕೆಂಜಳಿಲು ಇದೆ. ಮಳೆಗಾಲದ ರಾತ್ರಿ ಕೊಳೆತ ಕಟ್ಟಿಗೆ ಮೇಲೆ ಹಸಿರಾಗಿ ಹೊಳೆಯುವ ಅಣಬೆಯೂ ಇದೆ, ರಾತ್ರಿ ಹೋಗುವುದಾದರೆ ಅರಣ್ಯ ಇಲಾಖೆಯನ್ನು ಕೇಳಿಯೇ ಹೋಗಿ. ಆ ಕಡೆಯ ದೇವರಾಯಿಗಳನ್ನೂ ನೋಡಿ, ನಮ್ಮ ದೇವರಕಾಡೇ ಅದು. ಹಳೆಯ ಮರಗಳು ಉಳಿದಿರುವುದು ಅಲ್ಲೇ. ಚಪ್ಪಲಿ ಹೊರಗೆ ಬಿಡಿ ಅಂದರೆ ಬಿಡಿ, ವಾದ ಬೇಡ.

ಗೋವಾದವರು ಮೊಲೆಮ್‌ಗೆ ಹೋಗಿ. ಭಗವಾನ್ ಮಹಾವೀರ ಅಭಯಾರಣ್ಯ 240 ಚದರ ಕಿಲೋಮೀಟರ್. ಹತ್ತಿರದ ತಾಂಬ್ಡಿ ಸುರ್ಲಾದಲ್ಲಿ ಕದಂಬರ ಕಾಲದ ಕಪ್ಪು ಕಲ್ಲಿನ ಮಹಾದೇವನ ಗುಡಿ, ಸುತ್ತ ಕಾಡು, ಪಕ್ಕದಲ್ಲಿ ಹೊಳೆ. ಒದ್ದೆ ಕಲ್ಲು, ಒದ್ದೆ ಕಾಡು ಎರಡೂ ಒಂದೇ ಫ್ರೇಮಿನಲ್ಲಿ ಸಿಗುವ ಜಾಗ. ಕಾರವಾರದ ನಂಟಿರುವವರಿಗೆ ಕಾಣಕೋಣದ ಕೋಟಿಗಾಂವ್ ಹತ್ತಿರ. ಅಲ್ಲಿ ಉಂಬಳಕ್ಕೆ ಸುಣ್ಣ, ತಂಬಾಕು ಇಟ್ಟುಕೊಂಡಿರಿ, ಅಜ್ಜಿಯ ಮದ್ದು ಈಗಲೂ ಕೆಲಸ ಮಾಡುತ್ತದೆ.

ಭಾನುವಾರ ಜನ ಜಾಸ್ತಿ. ಸೋಮವಾರ ಆಫೀಸಿಗೆ ರಜೆ ಹಾಕಿ ಬೋರಿವಲಿಗೆ ಬರಲಾ ಅಕ್ಕಾ?

ಸೋಮವಾರ ಪಾರ್ಕಿಗೂ ರಜೆ. ಮಂಗಳವಾರ ಬನ್ನಿ.